ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸಣ್ಣ ಕನ್ನಡ ಚಿತ್ರವನ್ನು ತೆರೆಗೆ ತರುವ ಬಗೆ

ಸಣ್ಣ ಬಂಡವಾಳದ ಚಿತ್ರವೊಂದು ಮುಗಿಯುವ ಹೊತ್ತಿಗೆ ನಿರ್ಮಾಪಕರ ಕೈಯಲ್ಲಿ ಹೆಚ್ಚು ಹಣ ಉಳಿದಿರುವುದಿಲ್ಲ. ಉಳಿದದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಟ್ರೇಲರ್ ಬಿಡುಗಡೆ ಸಮಾರಂಭಕ್ಕೆ, ಅಲ್ಲಿನ ಹಾರ ತುರಾಯಿಗಳಿಗೆ ಹೋಗಿಬಿಡುತ್ತದೆ. ನಮ್ಮ ಮೂರು ಜಿಲ್ಲೆಗಳನ್ನು ನೆಚ್ಚಿಕೊಂಡು ಚಿತ್ರ ಮಾಡುವವರು ಬೇರೊಂದು ಲೆಕ್ಕ ಹಿಡಿಯುವುದು ಒಳಿತು: ಪ್ರಚಾರವನ್ನು ಕಂಡವರು ಅದೇ ವಾರ, ಒಂದು ತಾಸಿನ ಬಸ್ ಪ್ರಯಾಣದೊಳಗೆ, ಚಿತ್ರವನ್ನು ನೋಡುವಂತಿರಬೇಕು. ಹಾಗಿಲ್ಲದ ಪ್ರಚಾರ ಎಷ್ಟೇ ಜನರನ್ನು ಮುಟ್ಟಿದರೂ ಗಲ್ಲಾಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ತಂತ್ರಜ್ಞಾನವನ್ನೂ ಇದೇ ಅಳತೆಗೋಲಿನಿಂದ ಆಯ್ದುಕೊಳ್ಳಬೇಕು.

ಮೊದಲು ಬಿಡುಗಡೆಯ ದಿನಾಂಕವನ್ನು ಗೊತ್ತುಮಾಡಿ. ಇಲ್ಲಿ ಕನ್ನಡ ಚಿತ್ರಗಳ ಪಟ್ಟಿಯನ್ನಷ್ಟೇ ನೋಡಿದರೆ ಸಾಲದು. 1800ರಲ್ಲಿ ನಿಜಾಮನು ಬ್ರಿಟಿಷರಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. 1953ರವರೆಗೆ ಅದು ಮದ್ರಾಸಿಗೆ ಸೇರಿದ ಜಿಲ್ಲೆಯಾಗಿತ್ತು. ರಾಯಚೂರು ಮತ್ತು ಕೊಪ್ಪಳ 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದವು. ತೆಲುಗು ಚಿತ್ರವ್ಯಾಪಾರದಲ್ಲಿ ಇಂದಿಗೂ ಕೇಳಿಬರುವ ‘ಸೀಡೆಡ್’ (ಬಿಟ್ಟುಕೊಟ್ಟದ್ದು), ‘ನಿಜಾಂ’ ಎಂಬ ವಿತರಣಾ ಸೀಮೆಗಳ ಹೆಸರುಗಳು ಆ ಇತಿಹಾಸದಿಂದಲೇ ಬಂದವು. ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಪ್ರೇಕ್ಷಕರು ತೆಲುಗು ಚಿತ್ರವನ್ನು ಮೂಲಭಾಷೆಯಲ್ಲೇ ನೋಡುವುದರಿಂದ, ಹೈದರಾಬಾದಿನ ದೊಡ್ಡ ಚಿತ್ರವೊಂದು ಬಂದ ವಾರ ಊರಿನ ಒಳ್ಳೆಯ ಪರದೆಗಳು ಅದರ ಪಾಲಾಗುತ್ತವೆ. ಸಂಕ್ರಾಂತಿಯಂತೂ ಸಣ್ಣ ಚಿತ್ರಕ್ಕೆ ತಕ್ಕ ಕಾಲವೇ ಅಲ್ಲ. ವಿತರಕರೊಂದಿಗೆ ಮಾತಿಗೆ ಕೂರುವ ಮೊದಲು ತೆಲುಗಿನ ಬಿಡುಗಡೆ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ.

ಎರಡನೆಯ ಪಂಚಾಂಗ ತುಂಗಭದ್ರಾ ಕಾಲುವೆಯದು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಭತ್ತದ ನಾಟಿ ನಡೆಯುವಾಗ ಮ್ಯಾಟ್ನಿಗೆ ಜನ ಬರುವುದಿಲ್ಲ. ಕೊಯ್ಲು ಮುಗಿದು ಕೈಯಲ್ಲಿ ಕಾಸು ಆಡುವಾಗ ಸೆಕೆಂಡ್ ಶೋ ಕೂಡ ತುಂಬುತ್ತದೆ. ಬೇಸಿಗೆಯ ಬಿಡುಗಡೆಗೆ ಎ.ಸಿ. ಇರುವ ಚಿತ್ರಮಂದಿರವನ್ನೇ ಕೇಳಿ, ಮತ್ತು ಅರ್ಧ ಆಟಕ್ಕೆ ಅದನ್ನು ಆರಿಸುವುದಿಲ್ಲವೆಂದು ಮೊದಲೇ ಮಾತು ತೆಗೆದುಕೊಳ್ಳಿ. ಇದು ತಮಾಷೆಯ ಮಾತಲ್ಲ, ರಾಯಚೂರಿನ ಏಪ್ರಿಲ್ಲಿನಲ್ಲಿ ಮಧ್ಯಾಹ್ನದ ಆಟ ಕುಳಿತವರಿಗೇ ಗೊತ್ತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆಂದು ಅಲ್ಲಿ ಬ್ಯಾನರ್ ಕಟ್ಟುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಚಿತ್ರ ಮಾರ್ಚಿನಲ್ಲಿ ಬರುವುದಾದರೆ ಜನವರಿಯ ಜಾತ್ರೆಯಲ್ಲಿ ಕಟ್ಟಿದ ಬ್ಯಾನರ್ ಬರಿಯ ಬಟ್ಟೆಯಷ್ಟೇ.

ಸೆನ್ಸಾರ್ ಪ್ರಮಾಣಪತ್ರದ ಕೆಲಸವನ್ನು ಬೇಗ ಆರಂಭಿಸಿ. ನಮ್ಮ ಭಾಗದ ಕಥೆಗಳಲ್ಲಿ ಎತ್ತು, ಕುರಿ, ಕೋಳಿ ಬಂದೇ ಬರುತ್ತವೆ. ಅವುಗಳನ್ನು ಬಳಸಿ ಚಿತ್ರೀಕರಿಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕು, ಅದರ ನಿರಾಕ್ಷೇಪಣಾ ಪತ್ರವಿಲ್ಲದೆ ಸೆನ್ಸಾರ್ ಅರ್ಜಿ ಮುಂದೆ ಸಾಗುವುದಿಲ್ಲ. ಬೀಡಿ ಸೇದುವ ದೃಶ್ಯವಿದ್ದರೆ ಆರಂಭದಲ್ಲೂ ಮಧ್ಯಂತರದ ಬಳಿಕವೂ ತಂಬಾಕು ವಿರೋಧಿ ಸಂದೇಶಗಳನ್ನು ಸೇರಿಸಬೇಕಾಗುತ್ತದೆ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯ ನಂತರ, ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯು/ಎ ವರ್ಗವು 7, 13, 16 ವರ್ಷಗಳ ಮೂರು ಹಂತಗಳಾಗಿ ಒಡೆದಿದೆ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರ್‌ಗೂ ಪ್ರತ್ಯೇಕ ಪ್ರಮಾಣಪತ್ರ ಬೇಕೆಂಬುದನ್ನು ಕೊನೆಯ ವಾರದಲ್ಲಿ ನೆನಪಿಸಿಕೊಳ್ಳುವವರೇ ಹೆಚ್ಚು.

ಇನ್ನು ಪರದೆಯ ತಂತ್ರಜ್ಞಾನ. ಚಿತ್ರಮಂದಿರಕ್ಕೆ ಹೋಗುವುದು ಡಿಸಿಪಿ ಎಂಬ ಕಡತಗಳ ಕಟ್ಟು. ಅದರ ಚಿತ್ರವು 2ಕೆ ದರ್ಜೆಯ ಸ್ಕೋಪ್ (ಹೆಚ್ಚು ಅಗಲದ ಚೌಕಟ್ಟು) ಆದರೆ 2048×858, ಫ್ಲಾಟ್ (ಅಷ್ಟು ಅಗಲವಲ್ಲದ್ದು) ಆದರೆ 1998×1080 ಚುಕ್ಕೆಗಳ ಅಳತೆಯಲ್ಲಿರುತ್ತದೆ. ವೇಗ ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟು. ಮದುವೆ ವಿಡಿಯೊ ಮಾಡುವ ಕ್ಯಾಮೆರಾಗಳನ್ನು ಬಾಡಿಗೆಗೆ ತಂದು 25ರಲ್ಲಿ ಚಿತ್ರೀಕರಿಸಿದ ತಂಡಗಳು ಕೊನೆಗೆ ಪರಿವರ್ತನೆಗಾಗಿ ಧ್ವನಿಯನ್ನೂ ಹೊಂದಿಸಬೇಕಾದ ತಾಪತ್ರಯಕ್ಕೆ ಸಿಲುಕುತ್ತವೆ, ಆದ್ದರಿಂದ ಮೊದಲ ದಿನವೇ 24ಕ್ಕೆ ಇಟ್ಟುಕೊಳ್ಳಿ. ಡಿಸಿಪಿಗೆ ಬೀಗ ಹಾಕಿರುತ್ತಾರೆ. ಅದನ್ನು ತೆರೆಯುವ ಕೆಡಿಎಂ, ಅಂದರೆ ಆಪರೇಟರುಗಳು ‘ಕೀ’ ಎನ್ನುವ ಪುಟ್ಟ ಕಡತ, ಒಂದು ನಿರ್ದಿಷ್ಟ ಸರ್ವರಿಗೆ, ನಿರ್ದಿಷ್ಟ ಅವಧಿಗೆ ಮಾತ್ರ ಕೆಲಸ ಮಾಡುತ್ತದೆ.

ಈ ಕೀಲಿಯಿಂದಲೇ ನಮ್ಮ ತಂಡ ಒಮ್ಮೆ ಪೆಟ್ಟು ತಿಂದಿದೆ. ಬೆಳಿಗ್ಗೆ ಹತ್ತರಿಂದ ಚಾಲನೆಯಾಗಲಿ ಎಂದು ಬರೆದು ಕಳಿಸಿದೆವು. ಭಾರತೀಯ ಕಾಲಮಾನ ಎಂದು ಸೂಚಿಸಲಿಲ್ಲ. ಕೀಲಿ ಅಂತರರಾಷ್ಟ್ರೀಯ ಕಾಲಮಾನದ ಹತ್ತಕ್ಕೆ, ಅಂದರೆ ನಮ್ಮ ಮಧ್ಯಾಹ್ನ ಮೂರೂವರೆಗೆ, ತೆರೆದುಕೊಳ್ಳುವಂತೆ ಬಂತು. ಮಾರ್ನಿಂಗ್ ಶೋ, ಮ್ಯಾಟ್ನಿ ಎರಡೂ ಹೋದವು. ಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿದ್ದ ನಾಯಕನಟನ ಬಂಧುಗಳು ಹೊರಗಿನ ಮಿರ್ಚಿ ಬಂಡಿಯ ಮುಂದೆ ನಿಂತು ಕಾದರು. ಅಂದಿನಿಂದ ಬುಧವಾರವೇ ಕೀಲಿ ತರಿಸಿ, ಗುರುವಾರ ರಾತ್ರಿ ಸೆಕೆಂಡ್ ಶೋ ಮುಗಿದ ಮೇಲೆ ಒಂದು ರೀಲಿನಷ್ಟನ್ನಾದರೂ ಓಡಿಸಿ ನೋಡುತ್ತೇವೆ. ಆಗಲೇ ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಲ್ಯಾಂಪ್ ಹಳತಾದ ಪ್ರೊಜೆಕ್ಟರಿನಲ್ಲಿ ರಾತ್ರಿಯ ದೃಶ್ಯಗಳು ಕಪ್ಪಾಗಿ ಮುಳುಗುತ್ತವೆ, ಆದ್ದರಿಂದ ಬಣ್ಣ ಹೊಂದಿಸುವ ಹಂತದಲ್ಲೇ ಮುಖಗಳಿಗೆ ಸ್ವಲ್ಪ ಬೆಳಕು ಉಳಿಸಿಕೊಳ್ಳಿ. 5.1 ಧ್ವನಿಯಲ್ಲಿ ಮಾತು ಪರದೆಯ ನಡುವಿನ ಸ್ಪೀಕರಿನಿಂದ ಬರುತ್ತದೆ. ಅದು ಸೊರಗಿದ್ದರೆ ಹಿನ್ನೆಲೆ ಸಂಗೀತ ಮಾತನ್ನು ನುಂಗುತ್ತದೆ. ನಾಟಕ ಕಂಪನಿಗಳನ್ನು ಕಂಡ ಈ ಸೀಮೆಯ ಪ್ರೇಕ್ಷಕರು ಚಿತ್ರ ಮಂಕಾಗಿದ್ದರೂ ತಾಳಿಕೊಳ್ಳುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹಣ ಒಂದೇ ಕಡೆ ಹಾಕಲು ಸಾಧ್ಯವೆಂದಾದರೆ ಧ್ವನಿಗೆ ಹಾಕಿ.

ಟ್ರೇಲರನ್ನು ನೋಡುವವರು ಮೊಬೈಲಿನಲ್ಲಿ ನೋಡುತ್ತಾರೆ, ಅದರಲ್ಲಿಯೂ ಸ್ಪೀಕರಿನ ಸದ್ದಿನಲ್ಲಿ. ಸ್ಟುಡಿಯೊದಲ್ಲಿ ಗುಡುಗುವ ಟ್ರೇಲರನ್ನು ಬಸ್ ನಿಲ್ದಾಣದಲ್ಲಿ ನಿಂತು ಅಗ್ಗದ ಫೋನಿನಲ್ಲಿ ಕೇಳಿದ ಮೇಲೆಯೇ ಒಪ್ಪಿಕೊಳ್ಳಿ. ಯೂಟ್ಯೂಬಿನ ಹಲವು ಜಾಹೀರಾತುಗಳನ್ನು ಐದು ಸೆಕೆಂಡಿನ ನಂತರ ದಾಟಿಸಬಹುದಾದ್ದರಿಂದ ಆ ಐದು ಸೆಕೆಂಡನ್ನು ಸಂಸ್ಥೆಯ ಲಾಂಛನಕ್ಕೆ ಕೊಡಬಾರದು. ‘ಎಲ್ಲಿಗಿ ಹೊಂಟೀಪಾ’ ಎಂಬಂಥ ನಮ್ಮ ನುಡಿಯ ಒಂದು ಮಾತು ಅಲ್ಲಿದ್ದರೆ ಕೇಳಿದವರ ಬೆರಳು ತಾನಾಗಿ ತಡೆಯುತ್ತದೆ. ಪ್ರೇಕ್ಷಕರು ಯಾವ ಕ್ಷಣದಲ್ಲಿ ಬಿಟ್ಟುಹೋದರೆಂಬುದನ್ನು ಚಾನೆಲ್ಲಿನ ಅಂಕಿಅಂಶಗಳು ತೋರಿಸುತ್ತವೆ. ಅದನ್ನು ಓದಿ ಟ್ರೇಲರಿನ ಮೂವತ್ತು ಸೆಕೆಂಡಿನ ಲಂಬ ತುಣುಕುಗಳನ್ನು ಕತ್ತರಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತುಗಳನ್ನು ಇಡೀ ಕರ್ನಾಟಕಕ್ಕೆ ಹರಡದೆ, ಚಿತ್ರ ನಡೆಯುತ್ತಿರುವ ಊರಿನ ಸುತ್ತಳತೆಗೆ ಸೀಮಿತಗೊಳಿಸಿ ಗುರುವಾರ ಸಂಜೆಯಿಂದ ಭಾನುವಾರದವರೆಗೆ ಮಾತ್ರ ನಡೆಸಿ. ಪ್ರತಿ ಜಾಹೀರಾತಿನಲ್ಲಿಯೂ ಚಿತ್ರಮಂದಿರದ ಹೆಸರು, ಆಟದ ಸಮಯ ಇರಲೇಬೇಕು. ‘ನಿಮ್ಮ ಹತ್ತಿರದ ಚಿತ್ರಮಂದಿರಗಳಲ್ಲಿ’ ಎಂಬ ಸೋಮಾರಿ ವಾಕ್ಯವನ್ನು ನಾನು ಕಂಡಲ್ಲೆಲ್ಲ ಅಳಿಸುತ್ತೇನೆ.

ಮೈಕು ಕಟ್ಟಿದ ಆಟೋವನ್ನು ಹಳೆಯದೆಂದು ತಳ್ಳಿಹಾಕಬೇಡಿ. ಸ್ಥಳೀಯ ಸಂಸ್ಥೆಯ ಮತ್ತು ಪೊಲೀಸರ ಅನುಮತಿ ಪಡೆದು ಸಂತೆಯ ದಿನ ಸುತ್ತಿಸಿದರೆ ಅದು ಹಳ್ಳಿಯವರನ್ನೂ ಮುಟ್ಟುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಖರ್ಚಿಲ್ಲ. ಕುಟುಂಬದ ಕಥೆಯಿದ್ದರೆ ಮ್ಯಾಟ್ನಿಯನ್ನು ಹಿಂತಿರುಗುವ ಬಸ್ಸಿನ ಹೊತ್ತಿಗೆ ಮುಗಿಯುವಂತೆ ಹೊಂದಿಸಲು ಚಿತ್ರಮಂದಿರದವರನ್ನು ಕೇಳಿಕೊಳ್ಳಿ.

ಟಿಕೆಟ್ ದರದಲ್ಲಿ 100 ರೂಪಾಯಿಯ ಗಡಿ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಅದರವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 5, ಮೇಲಿನದಕ್ಕೆ ಶೇ. 18. ಆ್ಯಪಿನಲ್ಲಿ ಕಾಯ್ದಿರಿಸಿದರೆ ಸೇವಾ ಶುಲ್ಕ ಬೇರೆ ಬೀಳುವುದರಿಂದ ನಮ್ಮ ಒಂಟಿ ಪರದೆಗಳಲ್ಲಿ ಹೆಚ್ಚಿನವರು ಕೌಂಟರಿಗೇ ಬರುತ್ತಾರೆ. ಹೀಗಾಗಿ ಶುಕ್ರವಾರ ಬೆಳಿಗ್ಗೆ ಆ್ಯಪಿನ ಖಾಲಿ ಕುರ್ಚಿಗಳನ್ನು ಕಂಡು ಎದೆಗುಂದಬೇಡಿ, ಪ್ರತಿ ಆಟದ ನಂತರ ಕೌಂಟರಿನ ಲೆಕ್ಕವನ್ನು ಕೇಳಿ ಬರೆದಿಟ್ಟುಕೊಳ್ಳಿ. ಬಾಡಿಗೆಗೆ ಹಿಡಿದ ಚಿತ್ರಮಂದಿರವಾದರೆ ನಷ್ಟವೆಲ್ಲ ನಿಮ್ಮದು, ಗಳಿಕೆಯ ಪಾಲಿನ ಮೇಲೆ ಹಿಡಿದದ್ದಾದರೆ ಆಟ ಕಡಿತವಾಗುವ ಭಯ. ಹೊಸ ತಂಡಕ್ಕೆ ಪಾಲಿನ ಒಪ್ಪಂದವೇ ಸುರಕ್ಷಿತವೆಂದು ನನ್ನ ಅಭಿಪ್ರಾಯ.

ತೆಲುಗು ಡಬ್ಬಿಂಗ್ ಬಗ್ಗೆ ಅವಸರ ಬೇಡ. ‘ಕೆಜಿಎಫ್’ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ಬಂದಿತು. ಅದಕ್ಕೆ ತಕ್ಕ ಬಂಡವಾಳವಿತ್ತು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡು, ಜನರ ಮಾತು ಹಬ್ಬಿದ ಮೇಲೆ ಎರಡು ವಾರ ಬಿಟ್ಟು ಹಿಂದಿಗೆ ಹೋಯಿತು. ಸಣ್ಣ ತಂಡಕ್ಕೆ ಒದಗುವುದು ಎರಡನೆಯ ದಾರಿ. ಮೊದಲ ವಾರ ಮೂರು ಜಿಲ್ಲೆಗಳಲ್ಲಿ ಐದಾರು ಪರದೆಗಳನ್ನು ಮಾತ್ರ ಹಿಡಿದು, ಸೋಮವಾರ ಸಂಜೆಯ ಫಸ್ಟ್ ಶೋ ಲೆಕ್ಕವು ಶುಕ್ರವಾರದ ಅರ್ಧಕ್ಕಿಂತ ಕೆಳಗಿಳಿಯದಿದ್ದರೆ ಮುಂದಿನ ಊರುಗಳನ್ನು ಕೇಳಿ. ಹೊಸ ಚಿತ್ರಮಂದಿರದ ಸರ್ವರ್ ವಿವರಗಳನ್ನು ಮಂಗಳವಾರವೇ ಕಳಿಸಿ, ಕೀಲಿಯ ಸಮಯದ ಮುಂದೆ ‘ಭಾರತೀಯ ಕಾಲಮಾನ’ ಎಂದು ಬರೆಯಿರಿ.