ಎಲ್ಲಿ ಕೂತು ಕೆಲಸ: ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ಮೊದಲು ಕುದುರಿಸಬೇಕಾದ ಮಾತು

ದರಕ್ಕೆ ಗಂಟೆಗಟ್ಟಲೆ ಚೌಕಾಸಿ ಮಾಡುವ ಕಾಂಟ್ರ್ಯಾಕ್ಟರ್‌ಗಳೂ (ಕಂಪನಿಗಳಿಗೆ ಒಪ್ಪಂದದ ಮೇಲೆ ಸ್ವತಂತ್ರವಾಗಿ ದುಡಿಯುವವರು) ಮನೆಯೋ ಕಚೇರಿಯೋ ಎಂಬ ಕೆಲಸದ ಜಾಗದ ಮಾತು ಬಂದಾಗ ‘ಆಮೇಲೆ ನೋಡಿಕೊಳ್ಳೋಣ’ ಎಂದು ಬಿಟ್ಟುಬಿಡುತ್ತಾರೆ. ಜಾಗವೂ ದರದ ಭಾಗವೇ. ದಿನದ ದರ 100 ಎಂದಿಟ್ಟುಕೊಳ್ಳಿ. 8 ಗಂಟೆ ಕೆಲಸಕ್ಕೆ ಗಂಟೆಗೆ 12.50 ಬಿತ್ತು. ಹೋಗಿಬರಲು 3 ಗಂಟೆ ಹಿಡಿದರೆ ಅದೇ 100 ಅನ್ನು 11 ಗಂಟೆಗೆ ಹಂಚಬೇಕು, ಗಂಟೆಗೆ 9.09. ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು, ಅದೂ ಓಡಾಟದ ಖರ್ಚನ್ನು ಇನ್ನೂ ಲೆಕ್ಕಕ್ಕೆ ಹಿಡಿಯದೆ.

ಕೇಳುವುದಕ್ಕೆ ಒಳ್ಳೆಯ ಸಮಯ ಒಂದೇ: ಕ್ಲೈಂಟ್‌ಗೆ ನೀವೇ ಬೇಕು ಎನ್ನಿಸಿದೆ, ದರ ಮಾತ್ರ ಇನ್ನೂ ಅಂತಿಮವಾಗಿಲ್ಲ. ಅದಕ್ಕಿಂತ ಮೊದಲು ಕೇಳಿದರೆ ಪಟ್ಟಿಯಿಂದ ಹೆಸರು ತೆಗೆಯಲು ನೆಪವಾಗುತ್ತದೆ, ಸಹಿಯಾದ ಮೇಲೆ ಕೇಳಿದರೆ ಕೊಟ್ಟರೂ ಕೊಟ್ಟರು, ಬಿಟ್ಟರೂ ಬಿಟ್ಟರು. ಕಚೇರಿಗೆ ಹೋಗುವುದು ನಿಮ್ಮಿಂದ ಸಾಧ್ಯವೇ ಇಲ್ಲ ಎಂದಾದರೆ ಮಾತ್ರ ಮೊದಲ ಕರೆಯಲ್ಲೇ ಹೇಳಿಬಿಡಿ, ಇಬ್ಬರ ಸಮಯವೂ ಉಳಿಯುತ್ತದೆ.

‘ಮನೆಯಿಂದ ಮಾಡಬಹುದೇ?’ ಎಂದು ಕೇಳಬೇಡಿ. ಹಾಗೆ ಕೇಳಿದರೆ ‘ಇಲ್ಲ’ ಎನ್ನುವುದು ಸುಲಭ. ‘ಈ ಕೆಲಸದಲ್ಲಿ ಕಚೇರಿಗೆ ಬಂದೇ ಮಾಡಬೇಕಾದ ಭಾಗಗಳು ಯಾವುವು?’ ಎಂದು ಕೇಳಿ. ಬರುವ ಉತ್ತರದಲ್ಲಿ ಕ್ಲೈಂಟ್‌ನ ನಿಜವಾದ ಅಳುಕು ಗೊತ್ತಾಗುತ್ತದೆ. ಯಂತ್ರ, ಲ್ಯಾಬ್, ಕಾಗದದ ಕಡತಗಳ ಮಾತಾದರೆ ವಾದ ಬೇಡ, ಆ ದಿನಗಳನ್ನು ಎಣಿಸಿ ಒಪ್ಪಿಕೊಳ್ಳಿ. ತಂಡದ ಜೊತೆ ಬೆರೆಯಬೇಕು ಎಂದರೆ ಮೊದಲ ಎರಡು ವಾರ ಕಚೇರಿಯಲ್ಲೇ ಇರುತ್ತೇನೆ ಎನ್ನಿ. ‘ನಮ್ಮಲ್ಲಿ ಎಲ್ಲರೂ ಬರುತ್ತಾರೆ’ ಎಂದರೆ ಅದು ಅಭ್ಯಾಸಬಲ. ಅದರೆದುರು ವಾದ ನಡೆಯುವುದಿಲ್ಲ, ಪ್ರಯೋಗ ನಡೆಯುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ಮಾಹಿತಿ ಸುರಕ್ಷತೆಯ ಆಕ್ಷೇಪಕ್ಕೆ ‘ಎಚ್ಚರಿಕೆಯಿಂದ ಇರುತ್ತೇನೆ’ ಎಂಬ ಉತ್ತರ ಸಾಲದು. ಕ್ಲೈಂಟ್ ಕೊಟ್ಟ ಲ್ಯಾಪ್‌ಟಾಪ್‌ನಲ್ಲೇ ಕೆಲಸ, ಡಿಸ್ಕ್ ಎನ್‌ಕ್ರಿಪ್ಷನ್ (ಬೇರೆಯವರು ಫೈಲ್ ಓದಲಾಗದಂತೆ ಮಾಡುವುದು), ವಿಪಿಎನ್ (ಕ್ಲೈಂಟ್‌ನ ಜಾಲಕ್ಕೆ ಸುರಕ್ಷಿತ ಸಂಪರ್ಕ), ಎರಡು ಹಂತದ ಲಾಗಿನ್, ಬಾಗಿಲು ಮುಚ್ಚಬಹುದಾದ ಕೋಣೆ, ಸ್ವಂತ ಯಂತ್ರಕ್ಕೆ ಒಂದು ಫೈಲೂ ಇಳಿಸುವುದಿಲ್ಲ ಎಂಬ ಮಾತು: ಇಷ್ಟನ್ನೂ ಅರ್ಧ ಪುಟದಲ್ಲಿ ಬರೆದು ಕಳಿಸಿ. ಮ್ಯಾನೇಜರ್ ಅದನ್ನು ಹಾಗೆಯೇ ಸುರಕ್ಷತಾ ವಿಭಾಗಕ್ಕೆ ದಾಟಿಸಬಹುದು. ಒಪ್ಪಿಗೆ ಕೊಡುವವರು ಬಹಳ ಸಲ ಅಲ್ಲಿರುತ್ತಾರೆ, ನಿಮ್ಮೊಡನೆ ಮಾತಾಡುತ್ತಿರುವ ಮ್ಯಾನೇಜರ್ ಅಲ್ಲ.

ಬೇರೆ ದೇಶದಿಂದ ಕೆಲಸ ಮಾಡುವ ಯೋಚನೆಯಿದ್ದರೆ ಮುಚ್ಚಿಡಬೇಡಿ, ಲಾಗಿನ್ ದಾಖಲೆಯಲ್ಲಿ ಅದು ಕಂಡೇ ಕಾಣುತ್ತದೆ. 2018ರ ಮೇ 25ರಿಂದ ಅನ್ವಯವಾಗುತ್ತಿರುವ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಪ್ರಕಾರ ವೈಯಕ್ತಿಕ ಮಾಹಿತಿಯನ್ನು ಅಲ್ಲಿಂದ ಹೊರಗೆ ಕಳಿಸಲು ಷರತ್ತುಗಳಿವೆ. ಹೊರದೇಶದ ಕಾಂಟ್ರ್ಯಾಕ್ಟರ್ ಅದನ್ನು ಪರದೆಯ ಮೇಲೆ ನೋಡಿದರೂ ವರ್ಗಾವಣೆ ಎಂದೇ ಲೆಕ್ಕ. ತೆರಿಗೆಯ ವಿಷಯದಲ್ಲಿ ‘ಆ ದೇಶದಲ್ಲಿ 183 ದಿನ ದಾಟದಿದ್ದರೆ ಸಾಕು, ಅಲ್ಲಿ ತೆರಿಗೆ ಬೀಳುವುದಿಲ್ಲ’ ಎಂಬ ನಂಬಿಕೆ ಬೇರೂರಿದೆ. ದೇಶಗಳ ನಡುವಿನ ತೆರಿಗೆ ಒಪ್ಪಂದಗಳಿಗೆ ಮಾದರಿಯಾದ ಒಇಸಿಡಿ ಒಪ್ಪಂದದಲ್ಲಿ ಆ ವಿನಾಯಿತಿ ಇರುವುದು ನೌಕರರ ಸಂಬಳಕ್ಕೆ. ಸ್ವತಂತ್ರವಾಗಿ ಬಿಲ್ ಮಾಡುವವರಿಗೆ ಅದು ರಕ್ಷಣೆಯಲ್ಲ. ಎರಡೂ ದೇಶಗಳ ನಿಯಮ ಗೊತ್ತಿರುವ ಲೆಕ್ಕಿಗರನ್ನು ಮೊದಲೇ ಕೇಳಿ.

ಹಿಂದೇಟು ಹಾಕುವ ಕ್ಲೈಂಟ್‌ಗೆ ಪ್ರಯೋಗದ ಅವಧಿ ಸೂಚಿಸಿ. ಇದರಲ್ಲಿ ಎಡವುವುದು ಒಂದೇ ಕಡೆ: ಮುಗಿಯುವ ದಿನಾಂಕ ಇರುವುದಿಲ್ಲ. ಹಾಗಾದಾಗ ಪ್ರಯೋಗ ಪ್ರಯೋಗವಾಗಿಯೇ ಉಳಿದು, ಯಾರಿಗಾದರೂ ಮುನಿಸು ಬಂದ ದಿನ ರದ್ದಾಗುತ್ತದೆ. ಹೀಗೆ ಬರೆಯಬಹುದು:

‘ಮೊದಲ 2 ವಾರ ನಿಮ್ಮ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಂತರದ 4 ವಾರ ವಾರಕ್ಕೆ 4 ದಿನ ಹೊರಗಿನಿಂದ, 1 ದಿನ ಕಚೇರಿಯಲ್ಲಿ. ಒಪ್ಪಿಕೊಂಡ ಕೆಲಸಗಳು ದಿನಾಂಕಕ್ಕೆ ಮುಗಿದಿವೆಯೇ, ಸಂದೇಶಗಳಿಗೆ 2 ಗಂಟೆಯೊಳಗೆ ಉತ್ತರ ಹೋಗಿದೆಯೇ ಎಂಬುದನ್ನು 6ನೇ ವಾರದ ಕೊನೆಗೆ ಒಟ್ಟಿಗೆ ನೋಡೋಣ. ಅಂದು ಲಿಖಿತ ಆಕ್ಷೇಪ ಇಲ್ಲದಿದ್ದರೆ ಇದೇ ಏರ್ಪಾಡು ಒಪ್ಪಂದದ ಅವಧಿಯವರೆಗೂ ಮುಂದುವರಿಯಲಿ.’

ಆ ನಾಲ್ಕು ವಾರಗಳಿಗೆ ಅಳೆಯಲು ಬರುವ ಕೆಲಸವನ್ನೇ ಆರಿಸಿಕೊಳ್ಳಿ. ‘ಸಂಶೋಧನೆ ನಡೆಯುತ್ತಿದೆ’ ಎಂಬಂಥ ಕೆಲಸ ಹಿಡಿದರೆ ನೀವು ಎಷ್ಟೇ ದುಡಿದರೂ ದೂರದಿಂದ ಕಾಣುವುದಿಲ್ಲ.

ಇಷ್ಟರಲ್ಲಿ ಯಾರಾದರೂ ‘ಹಾಗಾದರೆ ದರ ಇಳಿಸಿ’ ಎನ್ನುತ್ತಾರೆ. ಇಳಿಸಬೇಡಿ, ಎರಡು ದರ ಕೊಡಿ. ಹೊರಗಿನ ದಿನಕ್ಕೆ ಮೂಲ ದರ, ಕಚೇರಿಯ ದಿನಕ್ಕೆ ಅದರ ಮೇಲೊಂದು ಮೊತ್ತ ಮತ್ತು ಪ್ರಯಾಣದ ನಿಜ ಖರ್ಚು. ಹೀಗೆ ಮಾಡಿದರೆ ಕಚೇರಿಯ ದಿನವೇ ದುಬಾರಿ ಎಂಬುದು ಅಂಕಿಯಲ್ಲೇ ಕಾಣುತ್ತದೆ. ಅನಗತ್ಯವಾಗಿ ಕರೆಸಿಕೊಳ್ಳುವ ಚಾಳಿಯೂ ತಗ್ಗುತ್ತದೆ.

ಇನ್ನು ಬರವಣಿಗೆ. ‘ಹೈಬ್ರಿಡ್’, ‘ಅಗತ್ಯವಿದ್ದಾಗ ಹಾಜರಿ’ ಎಂಬ ಪದಗಳು ಒಪ್ಪಂದದಲ್ಲಿ ಕಂಡರೆ ಹೊಡೆದುಹಾಕಿಸಿ, ಅಂಕಿ ಹಾಕಿಸಿ: ತಿಂಗಳಿಗೆ ಗರಿಷ್ಠ ಎಷ್ಟು ದಿನ, ಎಷ್ಟು ದಿನ ಮುಂಚೆ ತಿಳಿಸಬೇಕು (5 ಕೆಲಸದ ದಿನ ಕೇಳಿ), ಖರ್ಚು ಯಾರದ್ದು. ಲಾಗಿನ್ ಅಥವಾ ವಿಪಿಎನ್ ಕೊಡಲು ಕ್ಲೈಂಟ್ ತಡ ಮಾಡಿದ ದಿನಗಳಿಗೂ ಬಿಲ್ ಆಗುತ್ತದೆ ಎಂಬ ಸಾಲು ಇರಲೇಬೇಕು. ದೂರದ ಕೆಲಸದಲ್ಲಿ ಮೊದಲ ವಾರ ಕೈಕಟ್ಟಿ ಕೂರುವುದು ಇದೇ ಕಾರಣಕ್ಕೆ. ಪರದೆಯ ಚಿತ್ರ ತೆಗೆಯುವ ನಿಗಾ ತಂತ್ರಾಂಶ ಹಾಕುವುದಾದರೆ ಅದು ಕ್ಲೈಂಟ್‌ನ ಯಂತ್ರದಲ್ಲಿ ಮಾತ್ರ ಎಂದು ಬರೆಸಿ.

ಸಮಯದ ಸಾಲಿನಲ್ಲಿ ಇಡೀ ದಿನ ಲಭ್ಯ ಎಂದು ಬರೆಯದೆ, ದಿನಕ್ಕೆ 3ರಿಂದ 4 ಗಂಟೆ ಇಬ್ಬರೂ ಒಟ್ಟಿಗೆ ಇರುವ ಅವಧಿ ಎಂದು ಬರೆಯಿರಿ. ಯಾವ ಊರಿನ ಗಡಿಯಾರ ಎಂಬುದನ್ನೂ ಹೇಳಿ. ಅಮೆರಿಕದಲ್ಲಿ ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದು ಮಾರ್ಚ್ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಸಭೆಗಳು ಒಂದು ಗಂಟೆ ಆಚೀಚೆ ಆಗುತ್ತವೆ, ತಪ್ಪಿಸಿಕೊಂಡವರು ಎಂಬ ಹೆಸರು ಮಾತ್ರ ನಿಮಗೆ.

ಮಧ್ಯದಲ್ಲಿ ಏಜೆನ್ಸಿ ಇದ್ದರೆ ಒಪ್ಪಂದ ಎರಡು: ನಿಮ್ಮದೊಂದು, ಏಜೆನ್ಸಿ ಮತ್ತು ಕ್ಲೈಂಟ್ ನಡುವಿನದೊಂದು. ನಿಮ್ಮದರಲ್ಲಿ ‘ದೂರದಿಂದ’ ಎಂದೂ ಅವರಿಬ್ಬರದರಲ್ಲಿ ‘ಪೂರ್ಣಾವಧಿ ಕಚೇರಿ’ ಎಂದೂ ಇದ್ದರೆ ಜಗಳ ಖಚಿತ. ಎರಡರಲ್ಲೂ ಒಂದೇ ಸಾಲು ಇದೆ ಎಂದು ಇಮೇಲ್‌ನಲ್ಲಿ ಖಾತ್ರಿ ಪಡೆಯಿರಿ. ಏಜೆನ್ಸಿಯವರು ಫೋನಿನಲ್ಲಿ ಹೇಳಿದ ‘ಅವರು ತುಂಬ ಫ್ಲೆಕ್ಸಿಬಲ್’ ಎಂಬುದು ಲೆಕ್ಕಕ್ಕಿಲ್ಲ.

ಜಾಗವನ್ನು ನೀವೇ ನಿರ್ಧರಿಸುತ್ತೀರಿ ಎಂಬ ಸಾಲಿಗೆ ಇನ್ನೊಂದು ಉಪಯೋಗವಿದೆ. ನೀವು ಸ್ವತಂತ್ರರೋ ನೌಕರರಂತೆಯೋ ಎಂದು ತೂಗುವಾಗ, ಬ್ರಿಟನ್ನಿನ 2000ದ ಐಆರ್35 ತೆರಿಗೆ ನಿಯಮಗಳೂ ಸೇರಿದಂತೆ, ಹಲವು ದೇಶಗಳಲ್ಲಿ ಕೆಲಸದ ಮೇಲೆ ಕ್ಲೈಂಟ್‌ಗೆ ಎಷ್ಟು ಹಿಡಿತವಿದೆ ಎಂದು ನೋಡುತ್ತಾರೆ. ಜಾಗ ಅದರಲ್ಲೊಂದು ಅಂಶ ಅಷ್ಟೇ. ಅದನ್ನೇ ಬ್ರಹ್ಮಾಸ್ತ್ರ ಮಾಡಿಕೊಂಡು ಮಾತಿಗಿಳಿಯಬೇಡಿ.

ಮ್ಯಾನೇಜರ್ ಬದಲಾಗಿ ‘ಸೋಮವಾರದಿಂದ ಎಲ್ಲರೂ ಕಚೇರಿಗೆ’ ಎಂಬ ಸಂದೇಶ ಬಂದರೆ ಎರಡು ಮೂರು ದಿನದೊಳಗೆ ಉತ್ತರ ಬರೆಯಿರಿ: ಒಪ್ಪಂದದ ಸಾಲನ್ನು ಎತ್ತಿ ಹಾಕಿ, ಕಚೇರಿ ದಿನದ ದರವನ್ನು ಕೆಳಗೆ ಬರೆದು, ಬದಲಾವಣೆ ಬೇಕಿದ್ದರೆ ತಿದ್ದುಪಡಿ ಕಳಿಸಿ ಎನ್ನಿ. ಗೊಣಗುತ್ತಲೇ ಮೂರು ವಾರ ಹೋಗಿಬಂದು ಆಮೇಲೆ ಆಕ್ಷೇಪಿಸಿದರೆ, ಒಪ್ಪಿಯೇ ಬಂದಿರಿ ಎಂದು ಹೇಳಲು ಅವರಿಗೆ ಮೂರು ವಾರದ ಹಾಜರಿ ಪುಸ್ತಕ ಸಿಕ್ಕಿರುತ್ತದೆ.