ಸುದ್ದಿಮನೆಯಲ್ಲಿ ಜನಾಂಗೀಯ ತಾರತಮ್ಯ: ಗಟ್ಟಿಯಾಗಿ ನಿಲ್ಲುವ ದೂರು ಬರೆಯುವುದು ಹೇಗೆ?

ನಗರಸಭೆಯ ಟೆಂಡರ್ ಅವ್ಯವಹಾರವನ್ನು ದಿನಾಂಕ, ಮೊತ್ತ, ಸಹಿ ಸಮೇತ ಬಯಲಿಗೆಳೆಯುವ ವರದಿಗಾರರು ತಮಗೇ ಬಡ್ತಿ ತಪ್ಪಿದಾಗ ‘ವರ್ಷಗಟ್ಟಲೆ ಕಡೆಗಣಿಸಿದರು’ ಎಂಬ ಒಂದೇ ಸಾಲು ಬರೆದು ಕೊಡುತ್ತಾರೆ. ಅಮೆರಿಕದ ಪತ್ರಿಕೆಗಳಲ್ಲಿ ದುಡಿಯುವ ಗೆಳೆಯರು ಗೆಲ್ಲಬಹುದಾಗಿದ್ದ ದೂರುಗಳನ್ನು ಹೀಗೆ ಕಳೆದುಕೊಂಡದ್ದನ್ನು ಕಂಡು ಸಂಕಟಪಟ್ಟಿದ್ದೇನೆ. ಅದಕ್ಕೇ ಈ ಲೇಖನ.

ಕಾನೂನು. ಉದ್ಯೋಗದಲ್ಲಿ ಜನಾಂಗೀಯ ತಾರತಮ್ಯವನ್ನು ನಿಷೇಧಿಸುವ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯ 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ವೀಸಾ ಮೇಲೆ ಅಲ್ಲಿ ದುಡಿಯುವ ಕನ್ನಡಿಗರಿಗೂ ಇದರ ರಕ್ಷಣೆ ಇದೆ. ಪತ್ರಿಕಾ ಸ್ವಾತಂತ್ರ್ಯದ ಹೆಸರು ಹೇಳಿ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ಅಂಜಬೇಡಿ. ಎಲ್ಲರಿಗೂ ಅನ್ವಯಿಸುವ ಕಾನೂನುಗಳಿಂದ ಪತ್ರಿಕೆಗಳಿಗೆ ವಿಶೇಷ ವಿನಾಯಿತಿ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1937ರಲ್ಲೇ ಅಸೋಸಿಯೇಟೆಡ್ ಪ್ರೆಸ್ ಪ್ರಕರಣದಲ್ಲಿ ಹೇಳಿದೆ.

ಟಿಪ್ಪಣಿ. ಬಹುತೇಕರು ಎಡವುವುದು ಇಲ್ಲಿ. ನ್ಯೂಯಾರ್ಕಿನ ಡೈಲಿ ನ್ಯೂಸ್ ವಿರುದ್ಧ ಡೇವಿಡ್ ಹಾರ್ಡಿ ಸೇರಿದಂತೆ ನಾಲ್ವರು ಕಪ್ಪುವರ್ಣೀಯ ಪತ್ರಕರ್ತರು ಹೂಡಿದ ಮೊಕದ್ದಮೆಯನ್ನು ಗಮನಿಸಿ. ಇವರಿಗೆ ಅರ್ಹತೆ ಸಾಲದು ಎಂಬುದೇ ಪತ್ರಿಕೆಯ ವಾದವಾಗಿತ್ತು. 1987ರಲ್ಲಿ ತೀರ್ಪುಗಾರರ (ಜ್ಯೂರಿ) ಮುಂದೆ ಬಂದದ್ದು 23 ಬಿಡಿ ಘಟನೆಗಳು. 12ರಲ್ಲಿ ತಾರತಮ್ಯ ನಡೆದಿದೆ ಎಂದರು, ಉಳಿದವನ್ನು ಒಪ್ಪಲಿಲ್ಲ. ಕೊನೆಗೆ ಪತ್ರಿಕೆ 31 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಒಟ್ಟು ಬದುಕಿನ ನೋವನ್ನು ನ್ಯಾಯಾಲಯ ಒಂದೇ ಸಲ ತೂಗುವುದಿಲ್ಲ, ಒಂದೊಂದು ನಿರ್ಧಾರವನ್ನೂ ಬೇರೆಯಾಗಿ ತೂಗುತ್ತದೆ. ನಿಮ್ಮ ಟಿಪ್ಪಣಿಯೂ ಹಾಗೆಯೇ ಇರಲಿ.

‘ನನ್ನನ್ನು ಕೀಳಾಗಿ ಕಂಡರು’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘ಮಾರ್ಚ್ 4, ಸಂಜೆ 5. ಉಪ ನಗರ ಸಂಪಾದಕ ಹುದ್ದೆ. ಪ್ರಕಟಣೆ ಹಾಕಿರಲಿಲ್ಲ. ನಿರ್ಧರಿಸಿದ್ದು ನಗರ ಸಂಪಾದಕರು. ಆಯ್ಕೆಯಾದವರು ಬಿಳಿಯರು, ಡೆಸ್ಕಿನಲ್ಲಿ 3 ವರ್ಷ, ನನ್ನದು 9. ನನಗೆ ಹೇಳಿದ ಕಾರಣ: ತಂಡಕ್ಕೆ ಹೊಂದುವುದಿಲ್ಲ. ಪಕ್ಕದಲ್ಲಿ ರಾತ್ರಿ ಪಾಳಿಯ ಕಾಪಿ ಎಡಿಟರ್ ಇದ್ದರು.’ ಅದೇ ದಿನ ಬರೆಯಬೇಕು, ವಿಶೇಷಣ ಒಂದೂ ಬೇಡ, ಅವರ ಮಾತು ಅವರದೇ ಪದಗಳಲ್ಲಿ ಇರಬೇಕು. ನೋಟ್ ಪುಸ್ತಕ ನಿಮ್ಮದಾಗಿರಲಿ, ಮನೆಯಲ್ಲಿರಲಿ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಖಂಡಿತ ಬೇಡ, ಕೆಲಸ ಹೋದ ದಿನವೇ ಅದೂ ಹೋಗುತ್ತದೆ.

ಹೋಲಿಕೆಯ ವ್ಯಕ್ತಿಯನ್ನು, ಅಂದರೆ ನಿಮಗೆ ಸಿಗದ್ದು ಸಿಕ್ಕ ಬೇರೆ ಜನಾಂಗದ ಸಹೋದ್ಯೋಗಿಯನ್ನು, ಆರಿಸುವಾಗ ಇನ್ನೂ ಎಚ್ಚರ ಬೇಕು. ಕ್ರೀಡಾ ಪುಟದವರನ್ನು ರಾಜಧಾನಿ ವರದಿಗಾರರ ಜತೆ ಹೋಲಿಸಿದರೆ ಎದುರು ವಕೀಲರಿಗೆ ಹಬ್ಬ. ಅದೇ ಮೇಲಧಿಕಾರಿ, ಅದೇ ಬಗೆಯ ಕೆಲಸ, ಅದೇ ಹುದ್ದೆ: ಇಂಥವರನ್ನೇ ಹುಡುಕಿ. ಸುಪ್ರೀಂ ಕೋರ್ಟಿನ 1973ರ ಮೆಕ್‌ಡೊನೆಲ್ ಡಗ್ಲಸ್ ತೀರ್ಪಿನ ಪ್ರಕಾರ ನೀವು ಅರ್ಹರಿದ್ದಿರಿ, ಅರ್ಜಿ ಹಾಕಿದಿರಿ, ತಿರಸ್ಕೃತರಾದಿರಿ ಎಂದು ಮೊದಲು ತೋರಿಸಬೇಕು. ಆಗ ಸಂಸ್ಥೆ ಕಾರಣ ಕೊಡಬೇಕು. ಆ ಕಾರಣ ನೆಪವೆಂದು ತೋರಿಸುವ ಭಾರ ಮತ್ತೆ ನಿಮ್ಮದೇ. ಏಪ್ರಿಲಿನಲ್ಲಿ ‘ಅನುಭವ ಸಾಲದು’ ಎಂದವರು ಜೂನಿನಲ್ಲಿ ‘ಭಾಷೆ ಸಾಲದು’ ಎಂದರೆ ಎರಡನ್ನೂ ಒಂದೇ ಪುಟದಲ್ಲಿಡಿ.

ಸುದ್ದಿಮನೆಯ ದೊಡ್ಡ ಹುದ್ದೆಗಳು ಎಷ್ಟೋ ಸಲ ಪ್ರಕಟಣೆಯಿಲ್ಲದೆ, ಊಟದ ಮೇಜಿನಲ್ಲೇ ಹಂಚಿಹೋಗುತ್ತವೆ. ಆಮೇಲೆ ‘ನೀವು ಕೇಳಲೇ ಇಲ್ಲವಲ್ಲ’ ಎನ್ನುತ್ತಾರೆ. ಆದ್ದರಿಂದ ಯಾವ ಹುದ್ದೆ ಬೇಕೆಂದು ವರ್ಷಕ್ಕೆ ಎರಡು ಸಲವಾದರೂ ಇಮೇಲ್‌ನಲ್ಲಿ ಬರೆದು ಕೇಳಿ.

ಗುಟ್ಟಾಗಿ ಧ್ವನಿಮುದ್ರಣ ಮಾಡುವ ಅಡ್ಡದಾರಿ ಬೇಡ. ನಿಮ್ಮ ಸ್ವಂತ ಸಂಭಾಷಣೆಯನ್ನು ಮುದ್ರಿಸಿಕೊಳ್ಳಲು ನ್ಯೂಯಾರ್ಕಿನಲ್ಲಿ ಅವಕಾಶವಿದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಗೆ ಎಲ್ಲರ ಒಪ್ಪಿಗೆ ಬೇಕು. ಸಭೆ ಮುಗಿದ ಕೂಡಲೇ ‘ನೀವು ಹೇಳಿದ್ದು ಇದು ಎಂದು ನಾನು ತಿಳಿದಿದ್ದೇನೆ’ ಎಂದು ಇಮೇಲ್ ಕಳಿಸುವುದು ಸಾವಿರ ಪಾಲು ಮೇಲು. ಅಂತರ್ಜಾಲದಲ್ಲಿ ಮಾರುವ ಸಿದ್ಧ ದೂರಿನ ನಮೂನೆಗಳಿಗೂ ದುಡ್ಡು ಸುರಿಯಬೇಡಿ. ಅವುಗಳಲ್ಲಿ ಇರುವುದು ಬರೀ ವಿಶೇಷಣಗಳು.

ಗಡುವು. ಉದ್ಯೋಗ ತಾರತಮ್ಯದ ದೂರುಗಳನ್ನು ವಿಚಾರಿಸುವ ಕೇಂದ್ರ ಸಂಸ್ಥೆಯಾದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ 180 ದಿನಗಳೊಳಗೆ ದೂರು ಕೊಡಬೇಕು. ರಾಜ್ಯದಲ್ಲೂ ಇಂಥ ಸಂಸ್ಥೆಯಿದ್ದರೆ 300 ದಿನ. ದಿನ ಎಣಿಸುವುದು ನಿರ್ಧಾರವನ್ನು ನಿಮಗೆ ತಿಳಿಸಿದ ದಿನದಿಂದ. ಮಾನವ ಸಂಪನ್ಮೂಲ ವಿಭಾಗ ‘ಪರಿಶೀಲಿಸುತ್ತೇವೆ’ ಎಂದರೂ, ಯೂನಿಯನ್ ಮೂಲಕ ಅಹವಾಲು ಸಲ್ಲಿಸಿದ್ದರೂ ಈ ಗಡಿಯಾರ ನಿಲ್ಲುವುದಿಲ್ಲ. 1976ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಒಳಗಿನ ದೂರು ಮತ್ತು ಆಯೋಗದ ದೂರು ಜತೆಜತೆಗೇ ನಡೆಯಲಿ. ಗಡುವು ಮೀರಿದ ಬಡ್ತಿಗೆ ಪ್ರತ್ಯೇಕ ಪರಿಹಾರ ಸಿಗದು, ಹಿನ್ನೆಲೆಯ ಸಾಕ್ಷ್ಯವಾಗಿ ಮಾತ್ರ ಬಳಸಬಹುದು. 1866ರ ಕಾಯ್ದೆಯಿಂದ ಬಂದ ಇನ್ನೊಂದು ಕಲಮಿನಡಿ ನಾಲ್ಕು ವರ್ಷದ ಅವಧಿ ಇದೆ, ನಿಜ. ಆದರೆ ಜನಾಂಗವಲ್ಲದಿದ್ದರೆ ಈ ನಷ್ಟವೇ ಆಗುತ್ತಿರಲಿಲ್ಲ ಎಂದು ಅಲ್ಲಿ ಸಾಬೀತು ಮಾಡಬೇಕು. ಅದನ್ನೊಂದೇ ನಂಬಿ ಕೂರಬೇಡಿ.

ಜತೆಗಾರರು. 1972ರಲ್ಲಿ ವಾಷಿಂಗ್ಟನ್ ಪೋಸ್ಟ್‌ನ ಮೆಟ್ರೋ (ನಗರ ಸುದ್ದಿ) ವಿಭಾಗದ ಏಳು ಕಪ್ಪುವರ್ಣೀಯ ವರದಿಗಾರರು ಮೊದಲು ಸಂಪಾದಕ ಬೆನ್ ಬ್ರಾಡ್ಲಿ ಅವರಿಗೆ ಲಿಖಿತ ಪ್ರಶ್ನೆಗಳನ್ನು ಕೊಟ್ಟರು, ಆನಂತರ ಆಯೋಗದ ಬಾಗಿಲು ತಟ್ಟಿದರು. ಅವರ ವಕೀಲರಾಗಿದ್ದ ಕ್ಲಿಫರ್ಡ್ ಅಲೆಕ್ಸಾಂಡರ್ ಅದೇ ಆಯೋಗದ ಮಾಜಿ ಅಧ್ಯಕ್ಷರು. ಏಳು ಜನ ಒಟ್ಟಿಗೆ ಸಹಿ ಹಾಕಿದಾಗ ‘ಇವನೊಬ್ಬ ತಂಟೆಕೋರ’ ಎಂದು ತಳ್ಳಿಹಾಕಲು ಆಗುವುದಿಲ್ಲ. ಸಹೋದ್ಯೋಗಿಗಳ ಜತೆ ಸಂಬಳದ ಬಗ್ಗೆ ಮಾತನಾಡಲು 1935ರ ಕಾರ್ಮಿಕ ಸಂಬಂಧ ಕಾಯ್ದೆಯ ರಕ್ಷಣೆಯಿದೆ, ಮೇಲ್ವಿಚಾರಕರಿಗೆ ಮಾತ್ರ ಇಲ್ಲ.

ಸಲ್ಲಿಕೆ. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ದೂರು ಕೊಟ್ಟ ಮೇಲೆ ಪಾಳಿ ಬದಲಿಸಿದರೆ, ಬೀಟ್ (ನಿಮ್ಮ ವರದಿಯ ಕ್ಷೇತ್ರ) ಕಿತ್ತುಕೊಂಡರೆ ಪ್ರತೀಕಾರದ ಆರೋಪವನ್ನೂ ಸೇರಿಸಿ. ಮೂಲ ದೂರು ಸೋತರೂ ಅದು ಗೆಲ್ಲಬಹುದು. ಆಯೋಗ ಕೊಡುವ, ಮೊಕದ್ದಮೆ ಹೂಡುವ ಹಕ್ಕಿನ ಪತ್ರ ಕೈಸೇರಿದ ಮೇಲೆ ಇರುವುದು 90 ದಿನ. ವಕೀಲರನ್ನು ಅದಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಿ.

ಈ ನಡುವೆ ಪತ್ರಿಕೆ ಸ್ವಯಂನಿವೃತ್ತಿ ಪ್ಯಾಕೇಜ್ ಮುಂದಿಟ್ಟರೆ ಕೊನೆಯ ಪುಟಗಳನ್ನು ಓದಿ. ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುವ ಷರತ್ತು ಸಾಮಾನ್ಯವಾಗಿ ಅಲ್ಲಿರುತ್ತದೆ. 40 ದಾಟಿದವರು ವಯೋತಾರತಮ್ಯದ ಹಕ್ಕನ್ನೂ ಬಿಟ್ಟುಕೊಡಬೇಕೆಂದಿದ್ದರೆ ಯೋಚಿಸಲು ಕನಿಷ್ಠ 21 ದಿನ, ಹಲವರಿಗೆ ಒಟ್ಟಿಗೆ ಕೊಡುವ ಪ್ಯಾಕೇಜ್ ಆದರೆ 45 ದಿನ ಕೊಡಲೇಬೇಕು. ‘ಇವತ್ತೇ ಸಹಿ ಹಾಕಿ’ ಎಂದು ಒತ್ತಾಯಿಸಿದರೆ ಆ ಮಾತನ್ನೂ ಗಂಟೆ ಸಮೇತ ಬರೆದಿಟ್ಟುಕೊಂಡು, ಕಾಗದವನ್ನು ವಕೀಲರ ಬಳಿ ಒಯ್ಯಿರಿ.