ಪದೇ ಪದೇ ಪೆಟ್ಟು ಮಾಡಿಕೊಳ್ಳುವ ಕುದುರೆಯ ಕಾಲು ಮಾಗಿಸುವುದು

ಕೆಲವು ಕುದುರೆಗಳಿಗೆ ಪೆಟ್ಟು ಹುಡುಕಿಕೊಂಡು ಬರುತ್ತದೆ. ನಮ್ಮ ಮಿಂಚು ಆ ಜಾತಿ. ರೇಸ್ ಬಿಟ್ಟು ಬಂದ ಥರೋಬ್ರೆಡ್ ತಳಿಯವನು, ಈಗ ಅಡ್ಡಕಂಬ ಹಾರುವ ಶೋ ಜಂಪಿಂಗ್ ಕುದುರೆ. ಕನಕಪುರ ರಸ್ತೆಯ ಕಡೆ ಒಂದು ಲಾಯದಲ್ಲಿ ಇರುತ್ತಾನೆ. ಬಾಗಿಲ ಚಿಲಕಕ್ಕೆ ಪಕ್ಕೆ ತರಚಿಕೊಳ್ಳುತ್ತಾನೆ, ಹುಲ್ಲಿನ ಬಲೆಗೆ ಕಾಲು ಸಿಕ್ಕಿಸಿಕೊಳ್ಳುತ್ತಾನೆ, ತನ್ನ ಹಿಂಗಾಲಿನಿಂದ ತನ್ನದೇ ಮುಂಗಾಲ ಹಿಮ್ಮಡಿ ತುಳಿದುಕೊಳ್ಳುತ್ತಾನೆ. ಇವೆಲ್ಲ ಸಣ್ಣಪುಟ್ಟವು. ದೊಡ್ಡದು ಅಂದರೆ ಎಡ ಮುಂಗಾಲಿನ ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ನಾರಿನ ಹುರಿ, ಹರಿದದ್ದು. ಅಂಥ ಕುದುರೆಯನ್ನು ಮತ್ತೆ ಕೆಲಸಕ್ಕೆ ತರುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕುಂಟು ನಿಂತಿತು ಅಂದರೆ ಕಾಲು ಮಾಗಿತು ಅಂತಲ್ಲ. ಇವೆರಡರ ನಡುವೆ ಎಷ್ಟೋ ತಿಂಗಳು ಇರುತ್ತವೆ. ಇಂಥ ಕುದುರೆಗಳು ಅದೇ ಕಾಲನ್ನು ಮತ್ತೆ ಕೆಡಿಸಿಕೊಳ್ಳುವುದು ಆ ತಿಂಗಳುಗಳಲ್ಲೇ.

ಮೊದಲ ಎರಡು ಮೂರು ದಿನ

ಕೆಲಸ ತಕ್ಷಣ ನಿಲ್ಲಿಸಿ. "ನಾಲ್ಕು ಹೆಜ್ಜೆ ನಡೆಸಿ ನೋಡೋಣ, ಸರಿ ಹೋಗಬಹುದು" ಅನ್ನುವವರು ಲಾಯದಲ್ಲಿ ಒಬ್ಬರಾದರೂ ಇರುತ್ತಾರೆ. ಕೇಳಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಅವರು ಬರುವವರೆಗೆ ಕಾಲು ತಣ್ಣಗೆ ಮಾಡಿ.

ನಮ್ಮ ಕಡೆ ಬೋರ್‌ವೆಲ್ ನೀರು ಅಷ್ಟೇನೂ ತಣ್ಣಗಿರುವುದಿಲ್ಲ. ಅದಕ್ಕೇ ನಾವು ಐಸ್ ತರಿಸುತ್ತೇವೆ. ಕಬ್ಬಿನ ಹಾಲಿನ ಅಂಗಡಿಗೆ ದಿಮ್ಮಿ ಹಾಕುವವರೇ ನಮಗೂ ಹಾಕುತ್ತಾರೆ. ಒಡೆದು ಪುಡಿ ಮಾಡಿ, ಕಾಲಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಐಸ್ ಚೀಲ ಕಟ್ಟಬೇಕು. ಒಂದು ಸಲಕ್ಕೆ 20 ನಿಮಿಷ ಸಾಕು. ದಿನಕ್ಕೆ ಮೂರು ನಾಲ್ಕು ಸಲ ಮಾಡಿ. ಮುಗಿದ ಮೇಲೆ ಗೊರಸಿನ ಮೇಲಿನ ಸಂದನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮಳೆಗಾಲದಲ್ಲಿ ಅಲ್ಲಿ ತೇವ ಉಳಿದರೆ ಚರ್ಮ ಬಿರಿದು ಹಕ್ಕಳೆ ಕಟ್ಟುತ್ತದೆ, ಆಮೇಲೆ ಒಂದು ನೋವಿನ ಜೊತೆ ಇನ್ನೊಂದು.

ಕೆಲವು ಪೆಟ್ಟುಗಳಿಗೆ ಐಸ್ ಹಿಡಿದು ಕೂರುವ ಸಮಯ ಇರುವುದಿಲ್ಲ. ಕುದುರೆ ಕಾಲನ್ನು ನೆಲಕ್ಕೇ ಊರುತ್ತಿಲ್ಲ ಅಂದರೆ, ಅಥವಾ ಗೆಣ್ಣಿನ (ಕೀಲಿನ) ಹತ್ತಿರದ ಗಾಯದಿಂದ ಅಂಟಂಟಾದ ತಿಳಿ ಹಳದಿ ನೀರು ಬರುತ್ತಿದ್ದರೆ, ಆ ಗಂಟೆಯಲ್ಲೇ ಡಾಕ್ಟರ್ ಬೇಕು. ಗೆಣ್ಣಿನೊಳಗೆ ಸೋಂಕು ಹೊಕ್ಕರೆ ಕುದುರೆಯ ಕೆಲಸದ ಬದುಕೇ ಮುಗಿಯಬಹುದು. ಅಂಗಾಲಿಗೆ ಮೊಳೆ ಹೊಕ್ಕಿದ್ದರೆ ಆದಷ್ಟು ಕೀಳಬೇಡಿ. ಅದು ಇನ್ನೂ ಒಳಗೆ ಹೋಗದಂತೆ ಕಾಲು ಕಟ್ಟಿಡಿ. ಎಷ್ಟು ಆಳ, ಯಾವ ಕಡೆಗೆ ಹೋಗಿದೆ ಅನ್ನುವುದು ಮೊಳೆ ಇದ್ದಾಗ ತೆಗೆದ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುತ್ತದೆ. ಗಾಯ ಎಷ್ಟೇ ಚಿಕ್ಕದಿರಲಿ, ಧನುರ್ವಾಯು ಚುಚ್ಚುಮದ್ದು ಆಗಿದೆಯಾ ಅಂತ ಪುಸ್ತಕ ತೆಗೆದು ನೋಡಿ. ಆ ಕಾಯಿಲೆ ಕುದುರೆಗೆ ತಗುಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗೆ ತಗುಲುವುದಿಲ್ಲ.

ನೋವಿನ ಔಷಧಿ ಡಾಕ್ಟರು ಬರೆದದ್ದು ಮಾತ್ರ ಕೊಡಿ. ಕುದುರೆಗಳಿಗೆ ಜಾಸ್ತಿ ಕೊಡುವ ಫೀನೈಲ್‌ಬ್ಯುಟಾಜೋನ್ ಒಳ್ಳೆಯ ಔಷಧಿಯೇ, ಆದರೆ ಪ್ರಮಾಣ ಮೀರಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೂ ತೊಂದರೆ. ಅದರ ಜೊತೆ ಇನ್ನೊಂದು ನೋವಿನ ಔಷಧಿ ಸೇರಿಸಲೇಬಾರದು. ಮೆಡಿಕಲ್ ಶಾಪಿನಲ್ಲಿ ಮನುಷ್ಯರ ಡೈಕ್ಲೋಫೆನಾಕ್ ಸಿಗುತ್ತದೆ ಅಂತ ತಂದು ಚುಚ್ಚುವವರನ್ನು ನೋಡಿದ್ದೇನೆ. ಜಾನುವಾರುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧಿ ಮೈಯಲ್ಲಿದ್ದಾಗ ಸತ್ತ ಪ್ರಾಣಿಯನ್ನು ತಿಂದ ರಣಹದ್ದು ಸಾಯುತ್ತದೆ. ನಮ್ಮ ಲಾಯದಿಂದ ಬಹಳ ದೂರವೇನಿಲ್ಲ ರಾಮನಗರದ ರಾಮದೇವರ ಬೆಟ್ಟ. ಅಲ್ಲಿನ ರಣಹದ್ದುಗಳಿಗೆಂದೇ 2012ರಲ್ಲಿ ಧಾಮ ಮಾಡಿದ್ದಾರೆ. ನಮ್ಮ ಕುದುರೆಯ ನೋವಿಗೆ ಬೇರೆ ಔಷಧಿ ಇದೆ, ಆ ಹಕ್ಕಿಗಳಿಗೆ ಬೇರೆ ದಾರಿ ಇಲ್ಲ.

ಸ್ಕ್ಯಾನ್ ಮತ್ತು ಕೈ

ಕುದುರೆಯ ಮುಂಗಾಲಲ್ಲಿ ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ಲವೇ ಇಲ್ಲ ಅನ್ನಬಹುದು. ಮೂಳೆ, ಅದರ ಹಿಂದೆ ಟೆಂಡನ್, ಮೇಲೊಂದು ಚರ್ಮ. ಜಿಗಿದು ಇಳಿಯುವಾಗ ಇಡೀ ಭಾರ ಆ ಟೆಂಡನ್‌ಗಳ ಮೇಲೆ. ಹರಿದರೆ ಎಷ್ಟು ಹರಿದಿದೆ ಅಂತ ಹೊರಗಿನ ಊತ ಹೇಳುವುದಿಲ್ಲ. ಅಲ್ಟ್ರಾಸೌಂಡ್ ಬೇಕು. ಪೆಟ್ಟಾದ ದಿನವೇ ಮಾಡಿಸಿದರೆ ಪೂರ್ತಿ ಚಿತ್ರ ಸಿಗದೇ ಇರಬಹುದು, ಏಕೆಂದರೆ ಮೊದಲ ದಿನಗಳಲ್ಲಿ ಒಳಗೆ ಹರಿದ ಜಾಗ ಇನ್ನೂ ದೊಡ್ಡದಾಗುತ್ತದೆ. ಸುಮಾರು ವಾರ ಕಳೆದು ಮಾಡಿಸಿದ್ದು ನಂಬಿಕೆಗೆ ಯೋಗ್ಯ. ಬೆಂಗಳೂರು, ಮೈಸೂರಿನಲ್ಲಿ ರೇಸ್ ಕೋರ್ಸ್ ಕುದುರೆಗಳನ್ನು ನೋಡುವ ಡಾಕ್ಟರುಗಳಿಗೆ ಈ ಕಾಲುಗಳ ಅನುಭವ ಜಾಸ್ತಿ. ಅಂಥವರನ್ನು ಹಿಡಿಯಿರಿ. ಪ್ರತಿ ಸ್ಕ್ಯಾನಿನ ಚಿತ್ರ ಇಟ್ಟುಕೊಳ್ಳಿ.

ಎರಡು ಸ್ಕ್ಯಾನ್‌ಗಳ ನಡುವೆ ನಿಮ್ಮ ಕೈಯೇ ಯಂತ್ರ. ದಿನಾ ಬೆಳಿಗ್ಗೆ, ಕುದುರೆ ಹೊರಗೆ ಬರುವ ಮೊದಲು, ಎರಡೂ ಮುಂಗಾಲುಗಳನ್ನು ಅಂಗೈ ಹಿಂಭಾಗದಿಂದ ಮುಟ್ಟಿ ಹೋಲಿಸಿ. ಕಾವು ಎಲ್ಲಿದೆ ಗೊತ್ತಾಗುತ್ತದೆ. ಆಮೇಲೆ ಕಾಲೆತ್ತಿ ಮಡಿಸಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಟೆಂಡನ್ ಹಿಡಿದು ಮಂಡಿಯಿಂದ ಗೊರಸಿನ ಮೇಲಿನ ಗೆಣ್ಣಿನವರೆಗೆ ನಿಧಾನಕ್ಕೆ ಇಳಿಸಿ. ಮಿಂಚುವಿನ ಕಾಲಲ್ಲಿ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಒಂದು ಕಡೆ ಬಂದಾಗ ಅವನ ಕಿವಿ ಹಿಂದಕ್ಕೆ ಹೋಗುತ್ತಿತ್ತು. ಕಾಲು ಎಳೆಯುವುದಕ್ಕಿಂತ ಮೊದಲು ಕಿವಿ ಹೇಳುತ್ತದೆ. ಅದನ್ನು ನೋಡಲು ಇನ್ನೊಬ್ಬರು ತಲೆಯ ಹತ್ತಿರ ನಿಂತಿರಬೇಕು.

ಬ್ಯಾಂಡೇಜ್ ಕಟ್ಟುವುದನ್ನು ಅನುಭವ ಇರುವ ಸೈಸ್ (ಕುದುರೆ ನೋಡಿಕೊಳ್ಳುವವರು) ಹತ್ತಿರ ಕೂತು ಕಲಿಯಿರಿ. ಒಳಗೆ ದಪ್ಪ ಹತ್ತಿ, ಎಲ್ಲೂ ಸುಕ್ಕಿಲ್ಲದ ಹಾಗೆ. ಎಳೆತ ಮುಂದಿನ ಮೂಳೆಯ ಮೇಲೆ ಬೀಳಬೇಕು, ಹಿಂದಿನ ಟೆಂಡನ್ ಮೇಲೆ ಅಲ್ಲ. ಕಟ್ಟಿದ ಮೇಲೆ ಅಂಚಿನಲ್ಲಿ ಒಂದು ಬೆರಳು ಹೋಗುವಷ್ಟು ಜಾಗ ಇರಲಿ. ದಿನಾ ಬಿಚ್ಚಿ ಮತ್ತೆ ಕಟ್ಟಿ.

ಪೆಟ್ಟಾಗದ ಕಾಲಿಗೂ ಬ್ಯಾಂಡೇಜ್ ಬೇಕು. ಒಂದು ಕಾಲು ನೋಯುವಾಗ ಎದುರು ಕಾಲು ಎರಡರ ಭಾರ ಹೊರುತ್ತದೆ, ಅಲ್ವಾ? ಅಮೆರಿಕದಲ್ಲಿ 2006ರ ಕೆಂಟಕಿ ಡರ್ಬಿ ಓಟ ಗೆದ್ದ ಬಾರ್ಬಾರೋ ಎಂಬ ಕುದುರೆ ಅದೇ ವರ್ಷ ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲು ಮುರಿದುಕೊಂಡ. ಆಪರೇಷನ್ ಆಯಿತು, ಮುರಿದ ಕಾಲು ಕೂಡಿಕೊಳ್ಳುತ್ತಲೂ ಇತ್ತು. ಆದರೆ ಭಾರ ಹೊತ್ತ ಎಡ ಹಿಂಗಾಲಿನ ಗೊರಸಿಗೆ ಲ್ಯಾಮಿನೈಟಿಸ್ (ಗೊರಸಿನೊಳಗಿನ ಪದರದ ಉರಿಯೂತ) ಬಂತು. ಕೊನೆಗೆ 2007ರ ಜನವರಿಯಲ್ಲಿ ಅವನಿಗೆ ದಯಾಮರಣ ಕೊಡಬೇಕಾಯಿತು. ಅದಕ್ಕೇ ಬೆಳಿಗ್ಗೆ ಮುಟ್ಟುವಾಗ ಒಳ್ಳೆಯ ಕಾಲಿನ ಗೊರಸನ್ನೂ ಮುಟ್ಟಿ. ಗೆಣ್ಣಿನ ಹಿಂಬದಿ ಪಕ್ಕದಲ್ಲಿ ನಾಡಿ ಜೋರಾಗಿ ಬಡಿಯುತ್ತಿದೆಯಾ, ಗೊರಸು ಬಿಸಿ ಇದೆಯಾ ನೋಡಿ. ಇದ್ದರೆ ಕಾಯಬೇಡಿ.

ಲಾಯದೊಳಗಿನ ದಿನಗಳು

ಇಲ್ಲಿಂದ ನಿಜವಾದ ಕೆಲಸ. ಓಡಲು ಹುಟ್ಟಿದ ಪ್ರಾಣಿಯನ್ನು ನಾಲ್ಕು ಗೋಡೆಯೊಳಗೆ ತಿಂಗಳುಗಟ್ಟಲೆ ಇಡಬೇಕು, ಅದೂ ಸುಮ್ನೆ ನಿಲ್ಲಲಾಗದ ಕುದುರೆಯನ್ನು. 12 ಅಡಿಗೆ 12 ಅಡಿಗಿಂತ ಚಿಕ್ಕ ಕೋಣೆ ಬೇಡ. ಕೆಳಗೆ ರಬ್ಬರ್ ಚಾಪೆ, ಅದರ ಮೇಲೆ ಮರದ ಹೊಟ್ಟು. ಗೋಡೆಯ ಸುತ್ತ ಹೊಟ್ಟನ್ನು ದಿಬ್ಬದ ಹಾಗೆ ಏರಿಸಿ. ಹೊರಳಾಡುವಾಗ ಗೋಡೆಗೆ ಸಿಕ್ಕಿಕೊಂಡು ಏಳಲಾಗದೆ ಒದ್ದಾಡುವುದು ತಪ್ಪುತ್ತದೆ.

ಮೇವನ್ನು ಮೊದಲ ದಿನವೇ ಬದಲಿಸಿ. ಓಟ್ಸ್, ನೆನೆಸಿದ ಹುರುಳಿ ಇಳಿಸಿ, ಒಣಹುಲ್ಲು ಹೆಚ್ಚಿಸಿ. 450 ಕೆಜಿ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ ಒಣಹುಲ್ಲು ಬೇಕು, ಅದನ್ನು ನಾಲ್ಕೈದು ಸಲವಾಗಿ ಕೊಡಿ. ಹೊಟ್ಟೆ ಖಾಲಿ ಇರುವ ಕುದುರೆ ಬಾಗಿಲು ಒದೆಯುತ್ತದೆ, ಹುಣ್ಣೂ ಮಾಡಿಕೊಳ್ಳುತ್ತದೆ. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಒಂದಿಷ್ಟು ಇರಲಿ, ಜಾಸ್ತಿ ಬೇಡ. ಲದ್ದಿ ಎಣಿಸಿ. ಸಾಮಾನ್ಯವಾಗಿ ದಿನಕ್ಕೆ 8ರಿಂದ 12 ಸಲ ಹಾಕುತ್ತದೆ. ಕಡಿಮೆಯಾಗಿ ಉಂಡೆ ಚಿಕ್ಕದಾಗಿ ಗಟ್ಟಿಯಾದರೆ ನೀರು ಸಾಲುತ್ತಿಲ್ಲ, ಹೊಟ್ಟೆನೋವು ಬರುವ ಸೂಚನೆ.

ಪಕ್ಕದ ಕೋಣೆಯಲ್ಲಿ ಸಮಾಧಾನದ ಕುದುರೆ ಇದ್ದರೆ ಅರ್ಧ ಕೆಲಸ ಆದ ಹಾಗೆ. ನಾವು ಮಿಂಚುವಿಗೆ ಒಂದು ಮೇಕೆ ಜೊತೆ ಮಾಡಿದೆವು. ರೇಸ್ ಕುದುರೆಗಳಿಗೆ ಮೇಕೆ ಜೊತೆಗಿಡುವ ರೂಢಿ ಹಳೆಯದು. ಅದು ಮಲಗಿದರೆ ಇವನೂ ಮಲಗುತ್ತಿದ್ದ. ಮಲಗಿದಷ್ಟು ಹೊತ್ತು ಕಾಲಿಗೆ ವಿಶ್ರಾಂತಿ.

ದೀಪಾವಳಿಯನ್ನು ಮರೆಯಬೇಡಿ. ಪಟಾಕಿ ಸದ್ದಿಗೆ ಕೋಣೆಯೊಳಗೆ ಒಂದು ಸಲ ಗಿರ್ರನೆ ತಿರುಗಿದರೆ ತಿಂಗಳುಗಳ ಶ್ರಮ ಮಣ್ಣುಪಾಲು. ವಾರ ಮೊದಲೇ ಡಾಕ್ಟರ ಹತ್ತಿರ ಶಾಂತವಾಗಿಡುವ ಔಷಧಿಯ ಬಗ್ಗೆ ಮಾತಾಡಿ. ಆ ಸಂಜೆಗಳಲ್ಲಿ ದೀಪ ಹಾಕಿ, ರೇಡಿಯೋ ಹಚ್ಚಿ, ಒಬ್ಬರು ಲಾಯದಲ್ಲೇ ಇರಿ.

ಪೆಟ್ಟು ಎಲ್ಲಿಂದ ಬರುತ್ತಿದೆ

ಕುದುರೆ ಒಳಗಿರುವಾಗಲೇ ಇದನ್ನು ಹುಡುಕಿ. "ಅವನ ಹಣೆಬರಹ" ಅಂತ ಬಿಡುವುದು ನನಗೆ ಸಮ್ಮತವಿಲ್ಲ. ಒಂದು ನೋಟ್‌ಬುಕ್ ಇಟ್ಟು, ನೆನಪಿರುವ ಎಲ್ಲ ಪೆಟ್ಟುಗಳನ್ನೂ ಬರೆಯಿರಿ: ಯಾವ ಕಾಲು, ಎಲ್ಲಿ, ಯಾವ ಹೊತ್ತು, ಆಗ ಸುತ್ತ ಏನು ನಡೆಯುತ್ತಿತ್ತು. ಸೈಸ್‌ಗೆ ನಿಮಗಿಂತ ಜಾಸ್ತಿ ನೆನಪಿರುತ್ತದೆ, ಅವರನ್ನು ಕೂರಿಸಿಕೊಂಡು ಬರೆಯಿರಿ. ನಮ್ಮ ಪಟ್ಟಿಯಲ್ಲಿ ಹೆಚ್ಚಿನವು ಸಂಜೆ ಮೇವಿನ ಹೊತ್ತಿನವು, ಗೇಟಿನಿಂದ ಕೋಣೆಗೆ ಬರುವ ಕಿರಿದಾದ ಓಣಿಯಲ್ಲಿ ಆದವು. ಬಕೆಟ್ ಸದ್ದು ಕೇಳಿದರೆ ಅವನು ನುಗ್ಗುತ್ತಿದ್ದ. ಈಗ ಅವನು ಒಳಗೆ ಬಂದು ನಿಂತ ಮೇಲೆಯೇ ಬಕೆಟ್ ಹೊರಬರುವುದು. ಚಿಲಕದ ಮೂತಿ ಕತ್ತರಿಸಿ ತಟ್ಟಿಸಿದೆವು, ಹುಲ್ಲಿನ ಬಲೆ ತೆಗೆದು ನೆಲದಲ್ಲೇ ಹಾಕುತ್ತೇವೆ, ಬಾಗಿಲ ಕೆಳಗೆ ಕಾಲು ತೂರುವ ಸಂದಿಗೆ ಹಲಗೆ ಹೊಡೆಸಿದೆವು. ಮುಳ್ಳುತಂತಿ ಇರುವ ಜಾಗದಲ್ಲಿ ಕುದುರೆ ಬಿಡುವುದೇ ಇಲ್ಲ.

ಕಣ್ಣು ಪರೀಕ್ಷೆ ಮಾಡಿಸಿ. ಒಂದು ಕಣ್ಣು ಮಂಜಾದ ಕುದುರೆ ಯಾವಾಗಲೂ ಒಂದೇ ಪಕ್ಕ ತಾಗಿಸಿಕೊಳ್ಳುತ್ತದೆ. ಗೊರಸನ್ನೂ ನೋಡಿ. ಮುಂದಿನ ತುದಿ ಉದ್ದ ಬೆಳೆದು ಹಿಮ್ಮಡಿ ತಗ್ಗಾದರೆ ಎಡವುತ್ತದೆ, ಟೆಂಡನ್ ಮೇಲೂ ಎಳೆತ ಹೆಚ್ಚು. ಕುದುರೆ ಕೆಲಸ ಮಾಡುತ್ತಿಲ್ಲ ಅಂತ ಲಾಳ ಕಟ್ಟುವವರನ್ನು ಕರೆಯುವುದು ಮುಂದೂಡಬೇಡಿ. ಐದಾರು ವಾರಕ್ಕೊಮ್ಮೆ ಬರಲೇಬೇಕು.

ನಡಿಗೆ

ಹರಿದ ಜಾಗದಲ್ಲಿ ಮೊದಲು ಹುಟ್ಟುವ ನಾರು ಬಲ ಇಲ್ಲದ್ದು, ಅಡ್ಡಾದಿಡ್ಡಿ ಬೆಳೆದದ್ದು, ಸುಲಿದು ರಾಶಿ ಹಾಕಿದ ತೆಂಗಿನ ನಾರಿನ ಹಾಗೆ. ಅದು ಒಂದೇ ದಿಕ್ಕಿಗೆ ಹೊಂದಿಕೊಂಡು ಹುರಿಯಾಗುವುದು ಅಳತೆಯ ನಡಿಗೆಯಿಂದ. ಪೂರ್ತಿ ನಿಲ್ಲಿಸಿದರೂ ಕೆಡುತ್ತದೆ, ಅವಸರ ಮಾಡಿದರೂ ಕೆಡುತ್ತದೆ.

ಡಾಕ್ಟರು ಒಪ್ಪಿದ ದಿನದಿಂದ ಕೈಯಲ್ಲಿ ಹಿಡಿದು ನಡೆಸಿ, 5ರಿಂದ 10 ನಿಮಿಷ, ದಿನಕ್ಕೆ ಎರಡು ಸಲ. ವಾರಕ್ಕೆ 5 ನಿಮಿಷದಂತೆ ಏರಿಸಿ. ಗಟ್ಟಿ, ಸಮ ಮಣ್ಣಿನ ದಾರಿ ಇರಲಿ. ಆಳ ಮರಳು ಬೇಡ, ಸುತ್ತು ಹೊಡೆಸುವುದೂ ಬೇಡ. ನೇರಕ್ಕೆ ಹೋಗಿ, ಅಗಲವಾಗಿ ತಿರುಗಿ ಬನ್ನಿ. ಹುಲ್ಲು ತಿಂದ ಮೇಲೆ ಕರೆದೊಯ್ಯಿರಿ, ಹಸಿದಾಗ ಬೇಡ. ಬರೀ ಹಾಲ್ಟರ್ ಸಾಲದು, ಕಡಿವಾಣ ಹಾಕಿ. ನಡೆಸುವವರು ಹೆಲ್ಮೆಟ್, ಕೈಗವಸು ಹಾಕಲೇಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕೋಣೆಯಿಂದ ಹೊರಬಂದ ಥರೋಬ್ರೆಡ್ ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರ್ ನೋಡಿದರೂ ಎರಡು ಕಾಲಲ್ಲಿ ಏಳುತ್ತದೆ. ನಾವು ಹಳೆಯ, ನಿಧಾನದ ಒಂದು ಕುದುರೆಯನ್ನು ಮುಂದೆ ಬಿಟ್ಟು ಹಿಂದೆ ಮಿಂಚುವನ್ನು ನಡೆಸುತ್ತಿದ್ದೆವು.

ಹೀಗೆ ಸುಮಾರು ಮೂರು ತಿಂಗಳು ಬರೀ ನಡಿಗೆ. ಆಮೇಲೆ ಸ್ಕ್ಯಾನ್. ಚೆನ್ನಾಗಿದ್ದರೆ ನಡಿಗೆಯ ಮಧ್ಯೆ ಐದು ನಿಮಿಷ ಟ್ರಾಟ್ (ನಿಧಾನದ ಓಟ), ಅದನ್ನೂ ವಾರವಾರ ಏರಿಸಿ. ಮತ್ತೆ ಸ್ಕ್ಯಾನ್ ಮಾಡಿಸಿ, ಆಮೇಲೆ ಕ್ಯಾಂಟರ್ (ಅದಕ್ಕಿಂತ ಜೋರಿನ ಓಟ). ಜಿಗಿತದ ಮಾತು ಬರುವುದು 9ರಿಂದ 12 ತಿಂಗಳ ಹೊತ್ತಿಗೆ. ಹರಿದ ಜಾಗ ದೊಡ್ಡದಿದ್ದರೆ ಇನ್ನೂ ತಡ. ಮೂರನೇ ತಿಂಗಳಿಗೆ ಕುದುರೆ ಕುಂಟುವುದಿಲ್ಲ, ಮೈ ಹೊಳೆಯುತ್ತದೆ, ಕಣ್ಣಲ್ಲಿ ಕೆಲಸದ ಆಸೆ ಇರುತ್ತದೆ. ಸ್ಪರ್ಧೆಯ ಕ್ಯಾಲೆಂಡರ್ ಗೋಡೆಯ ಮೇಲಿರುತ್ತದೆ. ಆಗ ನೋಡಬೇಕಾದ್ದು ಸ್ಕ್ಯಾನಿನ ಚಿತ್ರ ಮಾತ್ರ.

ಬಯಲಿಗೆ ಬಿಡುವುದು ಇನ್ನೂ ಕೊನೆಗೆ. ಒಂದು ಸಲ ಬಿಟ್ಟೋಡಿ ಹಿಂಗಾಲು ಎಗರಿಸಿದರೆ ಆಗುವ ಎಳೆತ, ಸವಾರನ ಕೆಳಗೆ ಅರ್ಧ ಗಂಟೆ ಟ್ರಾಟ್ ಮಾಡಿದರೂ ಆಗದು. ಮೊದಲು ಕೋಣೆಯ ಎರಡರಷ್ಟಿರುವ ಒಂದು ಚಿಕ್ಕ ಆವರಣ ಕಟ್ಟಿ, ಕೆಲಸ ಮುಗಿಸಿ ದಣಿದ ಮೇಲೆ, ನೆಲದಲ್ಲಿ ಹುಲ್ಲು ಹಾಕಿಟ್ಟು ಬಿಡಿ. ಮುಂಗಾಲಿಗೆ ಬೂಟು, ಹಿಮ್ಮಡಿಗೆ ಗಂಟೆಯಾಕಾರದ ರಬ್ಬರ್ ಕವಚ ತಪ್ಪದೆ ಹಾಕಿ. ಮೊದಲ ದಿನಗಳಲ್ಲಿ ಡಾಕ್ಟರು ಕೊಡುವ ಶಾಂತ ಔಷಧಿ ಇದ್ದರೆ ಒಳ್ಳೆಯದು. ಸ್ಪರ್ಧೆಗೆ ಹೆಸರು ಕೊಡುವ ಮುಂಚೆ ಆ ಔಷಧಿ ಮೈಯಿಂದ ಹೋಗಲು ಎಷ್ಟು ದಿನ ಬೇಕು ಅಂತ ಕೇಳಿಟ್ಟುಕೊಳ್ಳಿ.

ಮಾಗಿದ ಟೆಂಡನ್‌ಗೆ ಹಳೆಯ ಚಿಮ್ಮು ಪೂರ್ತಿ ಮರಳಿ ಬರುವುದಿಲ್ಲ. ಮಿಂಚುವಿಗೆ ಈಗ ವಾರದಲ್ಲಿ ಒಂದೇ ದಿನ ಜಿಗಿತ, ಕಂಬಗಳೂ ಮೊದಲಿಗಿಂತ ತಗ್ಗು. ಉಳಿದ ದಿನ ಸಮತಟ್ಟಿನ ಕೆಲಸ, ಒಂದು ದಿನ ಬರೀ ನಡಿಗೆ. ಜಿಗಿದ ದಿನ 20 ನಿಮಿಷ ಐಸ್. ಮಾರನೆಯ ಬೆಳಿಗ್ಗೆ ಎರಡೂ ಕಾಲು ಒಂದೇ ಸಮ ತಣ್ಣಗಿದ್ದರೆ ಮಾತ್ರ ಜೀನು ಹಾಕುತ್ತೇವೆ. ಪೂರ್ತಿ ಕೆಲಸಕ್ಕೆ ಬಂದು ಮೂರು ತಿಂಗಳಾದ ಮೇಲೆ ಇನ್ನೊಂದು ಸ್ಕ್ಯಾನ್ ಮಾಡಿಸಿ, ಕುದುರೆ ಎಷ್ಟೇ ಚೆನ್ನಾಗಿರಲಿ. ಎದುರು ಕಾಲನ್ನೂ ಅದೇ ದಿನ ಸ್ಕ್ಯಾನ್ ಮಾಡಲು ಹೇಳಿ.